ಔಷಧಕ್ಕೂ ‘ಕೈಗುಣ’ ಇರ್ತದಾ? ಕೈರಾಲಿಟಿಗೆ ಕನ್ನಡ ಪದ ಬೇಕು

ಎಲ್ಲರಿಗೂ ಶಿರಸಿಯಿಂದ ನಮಸ್ಕಾರ.

ಕಾರವಾರದಲ್ಲಿ ಅರಿವಳಿಕೆ ಕಲಿಯುತ್ತಿರುವ ಅಕ್ಕನ ಮಗ ಒಂದು ಲೇಖನ ಬರೆದು, ‘ಮಾವ, ಕನ್ನಡ ತಿದ್ದಿಕೊಡು’ ಅಂತ ಕಳಿಸಿದ್ದ. ಅದರಲ್ಲಿ ಹೀಗೊಂದು ಸಾಲು: ‘ಅರಿವಳಿಕೆ ಔಷಧ ಎಷ್ಟು ಕೆಲಸ ಮಾಡುತ್ತದೆ ಎಂಬುದು ಅಣುವಿನ ಕೈಗುಣದ ಮೇಲೆ ನಿಂತಿದೆ.’ ನಾನು ಗಟ್ಟಿಯಾಗಿ ಓದುತ್ತಿದ್ದೆ. ಮೆಟ್ಟುಗತ್ತಿ ಮುಂದೆ ಅಡಿಕೆ ಸುಲಿಯುತ್ತಿದ್ದ ಚಿಕ್ಕಮ್ಮ ಕೈ ನಿಲ್ಲಿಸಿದಳು. ‘ಕೈಗುಣ ಡಾಕ್ಟ್ರಿಗೆ ಇರೋದು ಮಾರಾಯಾ. ಔಷಧಕ್ಕೆ ಎಲ್ಲಿಂದ ಬಂತು?’

ಅವಳ ಮಾತು ಸರಿ ಅಲ್ವಾ? ಅದೇ ಮದ್ದು ಒಬ್ಬರು ಕೊಟ್ಟರೆ ನಾಟುತ್ತದೆ, ಇನ್ನೊಬ್ಬರು ಕೊಟ್ಟರೆ ಇಲ್ಲ ಅನ್ನೋದಕ್ಕೆ ನಾವು ಕೈಗುಣ ಅನ್ನುತ್ತೇವೆ. ಇವನು ಹೇಳಹೊರಟಿದ್ದು ಕೈರಾಲಿಟಿ, ಅಂದರೆ ಎಡಗೈ ಬಲಗೈ ಥರ ಅಣುವೂ ಅದರ ಕನ್ನಡಿ ಬಿಂಬವೂ ಒಂದರ ಮೇಲೊಂದು ಕೂರದ ಗುಣ. ಗ್ರೀಕಿನಲ್ಲಿ ಕೈ ಅನ್ನುವ ಪದದಿಂದ ವಿಜ್ಞಾನಿ ಲಾರ್ಡ್ ಕೆಲ್ವಿನ್ 1890ರ ದಶಕದಲ್ಲಿ ಕಟ್ಟಿದ ಹೆಸರು ಅದು. ಹುಡುಗ ಆ ಕೈಯನ್ನು ಹಾಗೇ ಎತ್ತಿ ತಂದ. ನಮ್ಮಲ್ಲಿ ಆ ಜಾಗದಲ್ಲಿ ಮೊದಲೇ ಯಾರೋ ಕೂತಿದ್ದರು.

ಫೋನ್ ಮಾಡಿ ಕೇಳಿದೆ. ಅವನು ಗ್ಲೌಸಿನ ಲೆಕ್ಕ ಹೇಳಿದ. ರೋಗಿಯನ್ನು ಸುಮ್ನೆ ಮುಟ್ಟಿ ನೋಡೋವಾಗ ಹಾಕುವ ಗ್ಲೌಸ್ ಯಾವ ಕೈಗಾದರೂ ಆಗುತ್ತದೆ. ಆಪರೇಷನ್ನಿನ ಗ್ಲೌಸ್ ಹಾಗಲ್ಲ. ಹೆಬ್ಬೆರಳು ಮುಂದಕ್ಕೆ ಬಾಗಿರುತ್ತದೆ, ಎಡದ್ದು ಎಡಗೈಗೆ, ಬಲದ್ದು ಬಲಗೈಗೆ. ಅದಲುಬದಲು ಹಾಕಿದರೆ ಬೆರಳು ಹೊಕ್ಕರೂ ಹೊಲಿಗೆ ಹಾಕೋದಕ್ಕೆ ಬರೋದಿಲ್ಲ. ಅರಿವಳಿಕೆ ಔಷಧಗಳಲ್ಲಿ ಹಾಲಿನ ಹಾಗೆ ಬೆಳ್ಳಗಿರುವ ಪ್ರೊಪೊಫಾಲ್ ಮೊದಲನೇ ಜಾತಿ, ಅದಕ್ಕೆ ಎಡ ಬಲ ಇಲ್ಲ. ಕೆಟಮೈನ್, ಎಟೊಮಿಡೇಟ್, ಐಸೊಫ್ಲುರೇನ್ ಎರಡನೇ ಜಾತಿ. ಒಂದೇ ಪರಮಾಣುಗಳು, ಒಂದೇ ಜೋಡಣೆ, ಆದರೆ ಒಂದು ಇನ್ನೊಂದರ ಕನ್ನಡಿ ಬಿಂಬ. ಮಿದುಳಿನಲ್ಲಿ ಔಷಧ ಹೋಗಿ ಕೂರುವ ಪ್ರೋಟೀನಿಗೂ ಎಡ ಬಲ ಇರೋದರಿಂದ ಎರಡೂ ಒಂದೇ ಥರ ಕೂರೋದಿಲ್ಲ. ಆ ಎರಡು ರೂಪಗಳಿಗೆ ಎಸ್, ಆರ್ ಅಂತ ಗುರುತು. ಎಸ್-ಕೆಟಮೈನ್ ಅದರ ಜೋಡಿಗಿಂತ ಮೂರು ನಾಲ್ಕು ಪಟ್ಟು ಜೋರು. ಎಟೊಮಿಡೇಟಿನಲ್ಲಿ ನಿದ್ದೆ ಬರಿಸೋದು ಹೆಚ್ಚುಕಡಿಮೆ ಆರ್ ರೂಪವೇ, ಹಾಗಾಗಿ ಅದೊಂದನ್ನೇ ಮಾರುತ್ತಾರೆ.

ನನಗೆ ಹಿಡಿಸಿದ್ದು ಐಸೊಫ್ಲುರೇನಿನ ಕತೆ. ಅರಿವಳಿಕೆ ಅಂದರೆ ನರದ ಪೊರೆಯ ಕೊಬ್ಬಿನಲ್ಲಿ ಔಷಧ ಕರಗೋದು ಅಂತ ಬಹಳ ಕಾಲ ನಂಬಿದ್ದರಂತೆ. 1991ರಲ್ಲಿ ಫ್ರಾಂಕ್ಸ್ ಮತ್ತು ಲೀಬ್ ಅನ್ನೋ ವಿಜ್ಞಾನಿಗಳು ಐಸೊಫ್ಲುರೇನಿನ ಎರಡೂ ರೂಪಗಳನ್ನು ಬೇರೆ ಬೇರೆಯಾಗಿ ನೀರುಬಸವನ ಹುಳುವಿನ ನರಕ್ಕೆ ಕೊಟ್ಟು ನೋಡಿದರು. ಕೊಬ್ಬಿನ ಪೊರೆಯ ಮೇಲೆ ಎರಡರದ್ದೂ ಒಂದೇ ಪರಿಣಾಮ, ನರದ ಕೆಲವು ಚಾನೆಲ್‌ಗಳಲ್ಲಿ, ಅಂದರೆ ಪೊರೆಯಲ್ಲಿರುವ ಪ್ರೋಟೀನಿನ ಬಾಗಿಲುಗಳಲ್ಲಿ, ಮಾತ್ರ ಒಂದು ಜಾಸ್ತಿ. ಎಡ ಬಲ ಗುರುತಿಸಿದ್ದು ಪ್ರೋಟೀನು.

ಈಗ ಪದಕ್ಕೆ ಬರೋಣ. ನನಗೆ ತಕ್ಷಣ ಹೊಳೆದದ್ದು ಎಡಮುರಿ, ಬಲಮುರಿ. ಬಲಮುರಿ ಗಣಪತಿ, ಬಲಮುರಿ ಶಂಖ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕಾರವಾರದ ಬೀಚಿನಿಂದ ತಂದಿಟ್ಟುಕೊಂಡ ಒಂದು ಶಂಖ ಕೈಯಲ್ಲಿ ಹಿಡಿದು ನೋಡುತ್ತಾ ಕೂತಾಗ ತಲೆ ಕೆಟ್ಟಿತು. ಪ್ರಾಣಿಶಾಸ್ತ್ರದವರು ಊದುವ ತುದಿ ಮೇಲೆ ಬರುವ ಹಾಗೆ ಹಿಡಿದು, ಬಾಯಿ ಯಾವ ಕಡೆ ಇದೆ ಅಂತ ನೋಡುತ್ತಾರೆ. ನಮ್ಮ ಸಂಪ್ರದಾಯದಲ್ಲಿ ಹಿಡಿಯೋದು ತಲೆಕೆಳಗಾಗಿ. ಹಾಗಾಗಿ ಪೂಜೆಯವರ ಅಪರೂಪದ ಬಲಮುರಿ ಪ್ರಾಣಿಶಾಸ್ತ್ರದವರ ಪುಸ್ತಕದಲ್ಲಿ ಎಡಸುರುಳಿ! ಅಣುಗಳಲ್ಲೂ ಇದೇ ಗೋಳು. ಎಸ್ ಅನ್ನೋದು ಲ್ಯಾಟಿನ್ನಿನ ‘ಎಡ’ದಿಂದ ಬಂದದ್ದು, ಆರ್ ಅಂದರೆ ಬಲ. ಆದರೆ ಎಸ್-ಕೆಟಮೈನ್ ಪಕ್ಕ ಪ್ಲಸ್ ಗುರುತು, ಅಂದರೆ ಬೆಳಕನ್ನು ಬಲಕ್ಕೆ ತಿರುಗಿಸುವಂಥದ್ದು. ಆರ್-ಎಟೊಮಿಡೇಟ್ ಪಕ್ಕವೂ ಪ್ಲಸ್ಸೇ. ‘ಎಡ ಕೆಟಮೈನ್’ ಅಂತ ಬರೆದರೆ ಯಾವ ಲೆಕ್ಕದ ಎಡ? ಜೊತೆಗೆ ನಮ್ಮಲ್ಲಿ ಎಡ ಅಂದರೆ ಯಾಕೋ ಸರಿಯಿಲ್ಲದ್ದು ಅನ್ನೋ ವಾಸನೆ ಬೇರೆ. ಇಲ್ಲಿ ಆ ‘ಎಡ’ವೇ ಜೋರಿನದ್ದು. ಅದಕ್ಕೆ ಎಸ್, ಆರ್ ಅಕ್ಷರಗಳನ್ನು ಮುಟ್ಟದೆ ಹಾಗೇ ಬಿಡೋದು ಒಳ್ಳೆಯದು ಅಂತ ನನ್ನ ಮತ.

ಗುಣಕ್ಕೆ ‘ಎಡಬಲತನ’, ಆ ಎರಡು ರೂಪಗಳಿಗೆ ‘ಕನ್ನಡಿಜೋಡಿ’ ಅಂತ ಸದ್ಯಕ್ಕೆ ಹಾಕಿದ್ದೇನೆ. ಕನ್ನಡಿಜೋಡಿ ಚಿಕ್ಕಮ್ಮನಿಗೂ ಪಾಸಾಯಿತು. ಎಡಬಲತನ ಕೇಳಿ ಮುಖ ಸಿಂಡರಿಸಿದಳು. ಎರಡೂ ಅರ್ಧರ್ಧ ಇರುವ ರೆಸಿಮಿಕ್‌ಗೆ ಹುಡುಗ ‘ಬೆರಕೆ’ ಅಂತ ಬರೆದಿದ್ದ, ಅದನ್ನು ನಾನೇ ಹೊಡೆದುಹಾಕಿದೆ. ಆಪರೇಷನ್ನಿಗೆ ಹೋಗುವವರಿಗೆ ‘ನಿಮಗೆ ಬೆರಕೆ ಔಷಧ ಕೊಡುತ್ತೇವೆ’ ಅಂದರೆ ಕಲಬೆರಕೆ ಅಂದುಕೊಂಡು ಮೇಜಿನಿಂದ ಎದ್ದು ಬಂದಾರು. ‘ಸಮಪಾಲು’ ಅಂತ ಮಾಡಿದ್ದೇನೆ.

ಕೇಳಬೇಕಾದದ್ದು ಎರಡು. ಎಡಬಲತನಕ್ಕಿಂತ ನಾಲಿಗೆಗೆ ಹಗುರವಾದ್ದು ಯಾರಿಗಾದರೂ ಹೊಳೆಯುತ್ತದಾ? ಎರಡನೇದು, ನಿಮ್ಮ ಕಡೆ ಹಗ್ಗ ಹೊಸೆಯುವವರು ಹುರಿ ಎಡಕ್ಕೆ ತಿರುಗಿದ್ದಕ್ಕೂ ಬಲಕ್ಕೆ ತಿರುಗಿದ್ದಕ್ಕೂ ಬೇರೆ ಬೇರೆ ಹೆಸರು ಹೇಳುತ್ತಾರಾ? ಹಗ್ಗವನ್ನು ಯಾವ ತುದಿಯಿಂದ ಹಿಡಿದು ನೋಡಿದರೂ ಹುರಿ ಬದಲಾಗೋದಿಲ್ಲ, ಶಂಖದ ತಕರಾರು ಅದಕ್ಕಿಲ್ಲ. ಅಂಥ ಪದ ಇದ್ದರೆ ದಯವಿಟ್ಟು ಊರಿನ ಹೆಸರು ಸೇರಿಸಿ ತಿಳಿಸಿ. ಲೇಖನ ಇನ್ನೂ ನನ್ನ ಹತ್ತಿರವೇ ಇದೆ.