ಸಾಂಕ್ರಾಮಿಕ ರೋಗತಜ್ಞರಿಗೆ ಲೈಂಗಿಕ ಆರೋಗ್ಯದಲ್ಲಿ ವೃತ್ತಿ: ವೈದ್ಯಕೀಯ ಕೌಶಲ ಮಸುಕಾಗುತ್ತದೆಯೇ?

ಪ್ರಶ್ನೆ:
ಜನರಲ್ ಮೆಡಿಸಿನ್ ಸ್ನಾತಕೋತ್ತರ ವ್ಯಾಸಂಗದ ಕೊನೆಯ ವರ್ಷದಲ್ಲಿದ್ದೇನೆ. ಮುಂದೆ ಸಾಂಕ್ರಾಮಿಕ ರೋಗಗಳಲ್ಲಿ ತಜ್ಞತೆ ಪಡೆದು, ಲೈಂಗಿಕ ಆರೋಗ್ಯ ಮತ್ತು ಸಾರ್ವಜನಿಕ ಆರೋಗ್ಯದ ಕಡೆ ಹೋಗುವ ಆಸೆಯಿದೆ. ಐಸಿಯು ಬಿಟ್ಟು ಅತ್ತ ಹೋದರೆ ರೋಗ ಪತ್ತೆಹಚ್ಚುವ ಕೈಚಳಕ ಹೋಗಿ ಸಭೆ, ವರದಿಗಳಷ್ಟೇ ಉಳಿಯುತ್ತವೆ ಎಂದು ಹಿರಿಯರೊಬ್ಬರು ಎಚ್ಚರಿಸಿದ್ದಾರೆ. ಇದು ನಿಜವೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1 (ಸಾಂಕ್ರಾಮಿಕ ರೋಗತಜ್ಞ):
ವರದಿಗಳ ಮಾತು ನಿಜ, ಕೈಚಳಕದ ಮಾತು ಅಲ್ಲ. ಅಲರ್ಜಿಯೆಂದು ಎರಡು ಕಡೆ ಮಾತ್ರೆ ನುಂಗಿ ಬಂದ ಒಬ್ಬರ ಮೈಮೇಲಿನ ದದ್ದು ಅಂಗೈ, ಅಂಗಾಲಿಗೂ ಹರಡಿತ್ತು. ತುರಿಕೆ ಮಾತ್ರ ಇರಲಿಲ್ಲ. ರಕ್ತಪರೀಕ್ಷೆಯಲ್ಲಿ ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ಎಂದು ಖಚಿತವಾಯಿತು. ಕಣ್ಣು, ಕಿವಿ, ನರಮಂಡಲ ಎಲ್ಲವನ್ನೂ ಹಿಡಿಯಬಲ್ಲ ಈ ಬಹುರೂಪಿ ರೋಗವನ್ನು ಗುರುತಿಸಲು ಐಸಿಯುವಿನಷ್ಟೇ ಎಚ್ಚರ ಬೇಕು. ಆರಂಭದ ಹಂತದಲ್ಲಿ ಚಿಕಿತ್ಸೆಯೇನೋ ಸುಲಭ: 24 ಲಕ್ಷ ಯೂನಿಟ್ ಬೆಂಜಥೀನ್ ಪೆನಿಸಿಲಿನ್, ಒಂದೇ ಬಾರಿ. ಆದರೆ ಅವರ ಪತ್ನಿ ಗರ್ಭಿಣಿಯಾಗಿದ್ದರು. ಸೋಂಕು ಮಗುವಿಗೆ ದಾಟಿದರೆ ಗರ್ಭದಲ್ಲೇ ಸಾವು ಸಂಭವಿಸಬಹುದಾದ್ದರಿಂದ, ಚುಚ್ಚುಮದ್ದಿಗೆ ಐದು ನಿಮಿಷ ಸಾಕಾದರೂ ಪತ್ನಿಯನ್ನು ಪರೀಕ್ಷೆಗೆ ಕರೆತರಲು ಅವರನ್ನು ಒಪ್ಪಿಸುವುದಕ್ಕೆ ಮೂರು ಭೇಟಿಗಳು ಹಿಡಿದವು. ನನ್ನ ಪಾಲಿಗೆ ಸಾರ್ವಜನಿಕ ಆರೋಗ್ಯ ಶುರುವಾಗುವುದು ಸಭಾಂಗಣದಲ್ಲಲ್ಲ, ಆ ಮೂರು ಭೇಟಿಗಳಲ್ಲಿ.

ಉತ್ತರ 2 (ಆಪ್ತಸಮಾಲೋಚಕಿ):
ವೈದ್ಯರು ಎಡವುವುದು ಹೆಚ್ಚಾಗಿ ಪ್ರಶ್ನೆ ಕೇಳುವಾಗ. "ಮದುವೆಯಾಗಿದೆಯೇ?" ಎಂದು ಕೇಳಿ, ಉತ್ತರ ಬರೆದುಕೊಂಡು ಮುಂದೆ ಹೋಗಿಬಿಡುತ್ತಾರೆ. "ನಿಮ್ಮ ಸಂಗಾತಿಗಳು ಗಂಡಸರೇ, ಹೆಂಗಸರೇ, ಇಬ್ಬರೂ ಇದ್ದಾರೆಯೇ?" ಎಂದು ಜ್ವರ ಎಷ್ಟು ದಿನದಿಂದ ಇದೆ ಎಂದು ಕೇಳುವ ದನಿಯಲ್ಲೇ ಕೇಳಲು ಬರಬೇಕು. ಕೇಳುವ ಮೊದಲು ಬಾಗಿಲು ಮುಚ್ಚಿದೆಯೇ ಎಂದೂ ನೋಡಿಕೊಳ್ಳಿ.

ಉತ್ತರ 3 (ಸಾರ್ವಜನಿಕ ಆರೋಗ್ಯ ವೈದ್ಯೆ):
ಸಭೆಗಳ ಬಗ್ಗೆ ನಿಮ್ಮ ಹಿರಿಯರು ಹೇಳಿದ್ದು ಪೂರ್ತಿ ಸುಳ್ಳಲ್ಲ. ನನ್ನ ವಾರದಲ್ಲಿ ಎರಡು ದಿನ ಅದಕ್ಕೇ ಹೋಗುತ್ತವೆ. ಆದರೆ ಆ ವರದಿಗಳ ವಿಷಯವೇನು ನೋಡಿ. ಲೈಂಗಿಕವಾಗಿ ಹರಡುವ ಇನ್ನೊಂದು ಸೋಂಕಾದ ಗೊನೊರಿಯಾದ ರೋಗಾಣು ಸಲ್ಫಾ, ಪೆನಿಸಿಲಿನ್, ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್‌ಗಳನ್ನು ಒಂದೊಂದಾಗಿ ಜಯಿಸಿದ್ದು, ಈಗ ನಾವು ಮುಖ್ಯವಾಗಿ ಸೆಫ್ಟ್ರಿಯಾಕ್ಸೋನ್ ಅನ್ನೇ ನೆಚ್ಚಿಕೊಂಡಿದ್ದೇವೆ. ಸೋಂಕನ್ನು ಬೇಗ ಪತ್ತೆಹಚ್ಚುವ ಆಣ್ವಿಕ ಪರೀಕ್ಷೆಗಳು ಯಾವ ಔಷಧ ಕೆಲಸ ಮಾಡುತ್ತದೆಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲವಾದ್ದರಿಂದ, ಕಲ್ಚರ್ ಮಾಡುವ, ಅಂದರೆ ರೋಗಾಣುವನ್ನು ಬೆಳೆಸಿ ಅದರ ಮೇಲೆ ಔಷಧಗಳನ್ನು ಪರೀಕ್ಷಿಸುವ ಪ್ರಯೋಗಾಲಯವನ್ನು ಮುಚ್ಚಬೇಡಿ ಎಂದು ವಾದಿಸಲು ಯಾರಾದರೂ ಆ ಸಭೆಯಲ್ಲಿ ಕೂರಲೇಬೇಕು.

ಎಚ್‌ಐವಿಯಲ್ಲಂತೂ ಚಿಕಿತ್ಸೆ ಮತ್ತು ತಡೆಗಟ್ಟುವಿಕೆ ಬೇರೆ ಬೇರೆಯಾಗಿ ಉಳಿದೇ ಇಲ್ಲ. ಔಷಧದಿಂದ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲ. ಸೋಂಕಿಲ್ಲದವರು ಮುಂಚಿತವಾಗಿ ಸೇವಿಸುವ ಮಾತ್ರೆಗೆ ಅಮೆರಿಕದಲ್ಲಿ 2012ರಲ್ಲೇ ಅನುಮತಿ ದೊರೆಯಿತು.

ನಿರ್ಧರಿಸುವ ಮುನ್ನ ಇಂಥ ಕ್ಲಿನಿಕ್‌ನಲ್ಲಿ ಒಂದು ತಿಂಗಳು ಕಳೆಯಿರಿ. ಮೊದಲ ವಾರ ವೈದ್ಯರ ಪಕ್ಕದಲ್ಲಿ ಬೇಡ, ರೋಗಿಗಳು ಒಪ್ಪಿದರೆ ಆಪ್ತಸಮಾಲೋಚಕರ ಕೋಣೆಯಲ್ಲಿ ಕುಳಿತುಕೊಳ್ಳಿ.