ಮೂರು ಅಡಗುತಾಣ ಇಟ್ಟರೂ ಹಾವು ನೀರಿನ ಬಟ್ಟಲಿನ ಹಿಂದೆಯೇ ಮಲಗುತ್ತದೆ

ಪ್ರಶ್ನೆ: ಹೊಸಪೊರೆ

ನಮಸ್ಕಾರ. ನನ್ನಲ್ಲಿ ಹದಿನಾಲ್ಕು ತಿಂಗಳ ಒಂದು ಬಾಲ್ ಪೈಥಾನ್ (ಸಾಕುವ ಚಿಕ್ಕ ಜಾತಿಯ ಹೆಬ್ಬಾವು) ಇದೆ. ಹೆಣ್ಣು ಹಾವು, ಉದ್ದ ಸುಮಾರು 90 ಸೆಂ.ಮೀ., ಆರು ವಾರಗಳ ಹಿಂದೆ ತೂಗಿದಾಗ 620 ಗ್ರಾಂ ಇತ್ತು. ತಂದಾಗಿನಿಂದ ಅದನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟಿದ್ದೆ. ಬೆಳೆದ ಮೇಲೆ ಓಡಾಡಲು ಜಾಗ ಬೇಕೆಂದು 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರದ ಗಾಜಿನ ಗೂಡಿಗೆ ವರ್ಗಾಯಿಸಿದೆ. ಅಂದಿನಿಂದ ಅದು ಒಮ್ಮೆಯೂ ಆಹಾರ ಮುಟ್ಟಿಲ್ಲ. ಅದಕ್ಕೂ ಮುಂಚೆ ಹತ್ತು ದಿನಕ್ಕೊಮ್ಮೆ ತಪ್ಪದೆ ತಿನ್ನುತ್ತಿತ್ತು.

ಗೂಡಿನೊಳಗೆ ಮೂರು ಅಡಗುತಾಣಗಳಿವೆ. ತಂಪಿನ ಬದಿಯಲ್ಲಿ ಬಂಡೆಯ ಗುಹೆಯಂತೆ ಕಾಣುವ ದೊಡ್ಡ ರೆಸಿನ್ ತಾಣ, ನಡುವೆ ಎರಡೂ ತುದಿ ತೆರೆದಿರುವ ಅರ್ಧ ದಿಮ್ಮಿ, ಬೆಚ್ಚನೆಯ ಬದಿಯಲ್ಲಿ ಅಡ್ಡ ಮಲಗಿಸಿದ ಮಣ್ಣಿನ ಹೂಕುಂಡ. ಹಾವು ಈ ಮೂರರಲ್ಲಿ ಒಂದಕ್ಕೂ ಹೋಗುವುದಿಲ್ಲ. ಹಗಲಿಡೀ ನೀರಿನ ಬಟ್ಟಲಿಗೂ ಗೂಡಿನ ಮೂಲೆಗೂ ನಡುವೆ ಇರುವ ಸಂದಿಯಲ್ಲಿ, ಒಂದು ಪ್ಲಾಸ್ಟಿಕ್ ಗಿಡದ ಎಲೆಗಳ ಕೆಳಗೆ ಮುದುಡಿಕೊಂಡಿರುತ್ತದೆ. ರಾತ್ರಿಯಾದರೆ ಮೂತಿಯನ್ನು ಗಾಜಿಗೆ ಒತ್ತಿಕೊಂಡು ಅತ್ತಿಂದಿತ್ತ ಹರಿದಾಡುತ್ತದೆ. ಗೂಡಿನ ತಳಕ್ಕೆ ಬಿಸಿ ಕೊಡುವ ಹೀಟ್ ಮ್ಯಾಟ್‌ಗೆ, ಬಿಸಿಯನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್ ಇದೆ, ಅದನ್ನು 32 ಡಿಗ್ರಿಗೆ ಹೊಂದಿಸಿದ್ದೇನೆ. ತಂಪಿನ ಬದಿಯಲ್ಲಿ 26 ಡಿಗ್ರಿ ತೋರಿಸುತ್ತಿದೆ. ನೋಡಲು ಇನ್ನಷ್ಟು ಸಹಜವಾಗಿರುವ, ಇನ್ನಷ್ಟು ದೊಡ್ಡ ತಾಣವನ್ನು ತರಬೇಕೇ? ಆಯ್ಕೆ ಮಾಡುವಾಗ ಯಾವುದನ್ನು ಗಮನಿಸಬೇಕು ಎಂದು ಅನುಭವವುಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಸಿಂಬೆ

ನಿಮ್ಮ ಪ್ರಶ್ನೆಗೆ ನಿಮ್ಮ ಹಾವೇ ಉತ್ತರ ಕೊಟ್ಟಿದೆ. ಬಟ್ಟಲಿನ ಹಿಂದಿನ ಆ ಸಂದಿಯನ್ನು ಒಮ್ಮೆ ಅಳತೆ ಮಾಡಿ ನೋಡಿ. ಎರಡು ಕಡೆ ಗೋಡೆ, ಮೂರನೆಯ ಕಡೆ ಬಟ್ಟಲು, ಮೇಲೆ ಎಲೆ. ಅಂದರೆ ಮೈಯ ಎಲ್ಲ ಮಗ್ಗುಲಿಗೂ ಏನಾದರೊಂದು ತಾಗುವ ಜಾಗವನ್ನು ಅದು ಹುಡುಕಿಕೊಂಡಿದೆ. ನೀವು ಇಟ್ಟಿರುವ ಮೂರು ತಾಣಗಳಲ್ಲಿ ಒಂದಕ್ಕೂ ಈ ಗುಣ ಇಲ್ಲ. ಬಂಡೆಯ ಗುಹೆ ನಮ್ಮ ಕಣ್ಣಿಗೆ ಚೆಂದ, ಆದರೆ ಹಾವಿನ ಪಾಲಿಗೆ ಅದು ಕದವಿಲ್ಲದ ಹಜಾರ. ಅರ್ಧ ದಿಮ್ಮಿಗೆ ಎರಡು ಬಾಯಿ ಇರುವುದರಿಂದ ಹಿಂದಿನಿಂದ ಯಾರು ಬರುತ್ತಾರೋ ಎಂಬ ಭಯ ತಪ್ಪುವುದಿಲ್ಲ. ಅಡ್ಡ ಮಲಗಿಸಿದ ಕುಂಡದ ಬಾಯಿಯೇ ಅದರ ಅತಿ ಅಗಲವಾದ ಭಾಗ.

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹುಲ್ಲುಗಾವಲು ಹಾಗೂ ಕುರುಚಲು ಕಾಡುಗಳ ಹಾವು. ಅಲ್ಲಿ ಅದು ಹಗಲನ್ನು ಇಲಿ ಹೆಗ್ಗಣಗಳು ತೋಡಿದ ಬಿಲಗಳಲ್ಲಿಯೂ ಗೆದ್ದಲಿನ ಹುತ್ತಗಳಲ್ಲಿಯೂ ಕಳೆಯುತ್ತದೆ. ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲು ಎಂಬ ನಮ್ಮ ಗಾದೆ ಈ ಹಾವಿನ ಮಟ್ಟಿಗೆ ಅಕ್ಷರಶಃ ನಿಜ. ಅಂಥ ಬಿಲದೊಳಗೆ ಕತ್ತಲೆ ಇರುತ್ತದೆ, ಚಾವಣಿ ಬೆನ್ನಿಗೆ ತಾಗುತ್ತದೆ, ಒಳಬರುವ ದಾರಿ ಇಕ್ಕಟ್ಟಾಗಿರುತ್ತದೆ. ಹೊರಗಿನ ರೂಪ ಬಂಡೆಯಂತಿದೆಯೋ ತೊಗಟೆಯಂತಿದೆಯೋ ಎಂಬುದು ಅದಕ್ಕೆ ಗೊತ್ತೂ ಆಗುವುದಿಲ್ಲ, ಬೇಕಾಗಿಯೂ ಇಲ್ಲ.

ಅಳತೆ ತೆಗೆಯುವ ಕ್ರಮ ಹೀಗೆ: ಹಾವು ಸಿಂಬೆ ಸುತ್ತಿಕೊಂಡು ಮಲಗಿರುವಾಗ ಅದನ್ನು ಮುಟ್ಟದೆ, ಪಕ್ಕದಲ್ಲಿ ಒಂದು ಸ್ಕೇಲ್ ಹಿಡಿದು ಸಿಂಬೆಯ ಅಗಲವನ್ನು ನೋಡಿಕೊಳ್ಳಿ. ಈ ಗಾತ್ರದ ಹಾವಿಗೆ ಅದು 16ರಿಂದ 18 ಸೆಂ.ಮೀ. ಇರಬಹುದು. ತಾಣದ ಒಳಗಿನ ಅಗಲ ಅದಕ್ಕಿಂತ ಎರಡು ಮೂರು ಸೆಂ.ಮೀ. ಹೆಚ್ಚಿದ್ದರೆ ಸಾಕು, ಎತ್ತರ 8 ಸೆಂ.ಮೀ. ಸಾಕು. ಬಾಗಿಲು ಒಂದೇ ಇರಲಿ. ಹೊಟ್ಟೆ ತುಂಬಿ ಊದಿಕೊಂಡಾಗಲೂ ಸಲೀಸಾಗಿ ನುಸುಳುವಷ್ಟಿರಲಿ, ಅದಕ್ಕಿಂತ ದೊಡ್ಡದು ಬೇಡ.

ಇಂಥ ತಾಣ ಒಂದಲ್ಲ, ಒಂದೇ ಅಚ್ಚಿನ ಎರಡು ಬೇಕು: ಒಂದು ಬೆಚ್ಚನೆಯ ಬದಿಗೆ, ಇನ್ನೊಂದು ತಂಪಿನ ಬದಿಗೆ. ಒಳ್ಳೆಯ ತಾಣ ಒಂದೇ ಇದ್ದರೆ, ಮೈಗೆ ಬಿಸಿ ಬೇಕೆನಿಸಿದಾಗಲೂ ಹಾವು ಅದನ್ನು ಬಿಟ್ಟು ಬಯಲಿಗೆ ಬರುವುದಿಲ್ಲ. ತನ್ನ ಮೈಯ ಶಾಖವನ್ನು ತಾನೇ ಹುಟ್ಟಿಸಿಕೊಳ್ಳಲಾರದ ಪ್ರಾಣಿ ಅದು. ತಿಂದದ್ದನ್ನು ಅರಗಿಸಿಕೊಳ್ಳಲು ಬೇಕಾದ ಬಿಸಿಗೂ ಜೀವಭಯಕ್ಕೂ ನಡುವೆ ಆಯ್ಕೆ ಮಾಡಬೇಕಾಗಿ ಬಂದರೆ, ಹಾವು ಬಹುತೇಕ ಬಿಸಿಯನ್ನೇ ಬಿಟ್ಟುಕೊಡುತ್ತದೆ. ನಿಮ್ಮದು ತಿನ್ನದಿರುವುದಕ್ಕೆ ಇದೇ ಕಾರಣವಿರಬಹುದೆಂದು ನನ್ನ ಅಂದಾಜು.

ಕೂಡಲೇ ಏನನ್ನೂ ಕೊಳ್ಳಬೇಡಿ. ಎರಡು ರಟ್ಟಿನ ಪೆಟ್ಟಿಗೆಗಳನ್ನು ಈ ಅಳತೆಗೆ ಕತ್ತರಿಸಿ, ಮಗುಚಿ ಇಟ್ಟು ಪರೀಕ್ಷಿಸಿ. ಮೊದಲನೆಯದನ್ನು ಹಾವು ಈಗ ಮಲಗುವ ಅದೇ ಮೂಲೆಯಲ್ಲಿಡಿ.

ಉತ್ತರ: ಹಳೆಡಬ್ಬಿ

ಇಷ್ಟೆಲ್ಲ ತೊಂದರೆ ಏಕೆ? ಡಬ್ಬಿಯಲ್ಲಿದ್ದಾಗ ಚೆನ್ನಾಗಿ ತಿನ್ನುತ್ತಿತ್ತು ಎಂದು ನೀವೇ ಬರೆದಿದ್ದೀರಿ. ಮತ್ತೆ ಡಬ್ಬಿಗೇ ಹಾಕಿ. ಬಾಲ್ ಪೈಥಾನ್‌ಗೆ ದೊಡ್ಡ ಗೂಡು ಆಗಿಬರುವುದಿಲ್ಲ ಎಂಬುದು ಎಲ್ಲರಿಗೂ ತಿಳಿದದ್ದೇ.

ಉತ್ತರ: ತೇವಗೂಡು

ಹಳೆಡಬ್ಬಿಯವರ ಮಾತನ್ನು ನಾನು ಒಪ್ಪಲಾರೆ. ಡಬ್ಬಿ ಹಾವಿಗೆ ಹಿಡಿಸಿದ್ದು ಅದು ಚಿಕ್ಕದೆಂಬ ಕಾರಣಕ್ಕಲ್ಲ. ಅದರ ಗೋಡೆಗಳು ಮಸುಕಾಗಿದ್ದವು, ಒಳಗೆ ಬಯಲು ಇರಲಿಲ್ಲ. ಆ ಎರಡು ಗುಣಗಳನ್ನು 120 ಸೆಂ.ಮೀ. ಗೂಡಿನಲ್ಲಿಯೂ ತರಬಹುದು. ಗಾಜಿನ ಮೂರು ಬದಿಗಳಿಗೆ ಹೊರಗಿನಿಂದ ಕಪ್ಪು ಕಾಗದ ಅಂಟಿಸಿ. ಎರಡು ತಾಣಗಳ ನಡುವಿನ ನೆಲ ಬರಿದಾಗಿ ಉಳಿಯದಂತೆ ಒಣಗಿದ ಎಲೆ, ಕಾರ್ಕ್ ತೊಗಟೆಯ ತುಂಡು, ಪ್ಲಾಸ್ಟಿಕ್ ಗಿಡ ಎಂದು ಏನಾದರೂ ತುಂಬಿ. ಒಂದು ಮರೆಯಿಂದ ಇನ್ನೊಂದು ಮರೆಗೆ ಬಯಲು ದಾಟದೆ ಹೋಗಲು ಬರುವಂತಿದ್ದರೆ ಅದು ಇಡೀ ಗೂಡನ್ನು ಬಳಸತೊಡಗುತ್ತದೆ.

ಸಿಂಬೆಯವರು ಬಿಸಿಯ ಮಾತೆತ್ತಿದ್ದಾರೆ, ಅದಕ್ಕೊಂದು ಸೇರಿಸಬೇಕು. ನಿಮ್ಮ 32 ಡಿಗ್ರಿ ಎಲ್ಲಿಯ ಅಳತೆ? ತಾಣ ಇಲ್ಲದ ಬರಿನೆಲದ ಮೇಲೆ ನೋಡಿದ್ದಾದರೆ ಅದನ್ನು ನಂಬಬೇಡಿ. ಮ್ಯಾಟ್‌ನ ಮೇಲೆ ಮುಚ್ಚಿದ ತಾಣವನ್ನು ಇಟ್ಟೊಡನೆ ಒಳಗೆ ಶಾಖ ಸೇರಿಕೊಂಡು ಕೆಲವು ಡಿಗ್ರಿ ಏರಬಲ್ಲದು. ಥರ್ಮೋಸ್ಟಾಟ್‌ನ ಸೆನ್ಸರ್ ಮ್ಯಾಟ್‌ನ ಅತಿ ಬಿಸಿ ಜಾಗದಲ್ಲಿ ಕದಲದಂತೆ ಇರಲಿ. ಬೇರೆಯದೇ ಆದ ಒಂದು ಥರ್ಮಾಮೀಟರ್‌ನ ತುದಿಯನ್ನು ತಾಣದ ಒಳಗೆ, ಹೊಟ್ಟೆ ತಾಗುವ ನೆಲದಲ್ಲಿಟ್ಟು ಒಂದು ಇಡೀ ದಿನ ನೋಡಿ. ಅಲ್ಲಿ 31ರಿಂದ 32 ಡಿಗ್ರಿ ಬರುವಂತೆ ಹೊಂದಿಸಿಕೊಳ್ಳಿ. ಮ್ಯಾಟ್‌ನ ಮೇಲೆ ನೆಲಹಾಸನ್ನು ದಪ್ಪವಾಗಿ ಹರಡಬೇಡಿ. ಹಾವು ಅದನ್ನು ಬಗೆದುಕೊಂಡು ಗಾಜಿಗೇ ಹೋಗಿ ಮಲಗುತ್ತದೆ, ಹಾಸಿನ ಅಡಿಯಲ್ಲಿ ಗಾಜು ಹೊಟ್ಟೆ ಸುಡುವಷ್ಟು ಕಾದಿರಬಹುದು.

ಮೂರನೆಯದಾಗಿ ಒಂದು ತೇವದ ತಾಣವನ್ನೂ ಇಡಬಹುದು. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯ ಪಕ್ಕಕ್ಕೆ ಒಂದು ದುಂಡನೆಯ ರಂಧ್ರ ಕೊರೆದು, ಅಂಚನ್ನು ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಿ, ಒಳಗೆ ನೀರನ್ನು ಹಿಡಿದಿಟ್ಟುಕೊಳ್ಳುವ ಸ್ಫ್ಯಾಗ್ನಮ್ ಪಾಚಿ ತುಂಬಿ. ಪಾಚಿಯನ್ನು ನೀರಿನಲ್ಲಿ ಅದ್ದಿ, ಮುಷ್ಟಿಯಲ್ಲಿ ಬಲವಾಗಿ ಹಿಂಡಿದಾಗ ಹನಿ ಬೀಳದಷ್ಟು ಆರಿರಬೇಕು. ಕಣ್ಣು ಹಾಲುಬೆರೆತ ನೀಲಿಗೆ ತಿರುಗಿ ಪೊರೆ ಬಿಡುವ ಹೊತ್ತು ಹತ್ತಿರವಾದಾಗ ಹಾವು ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಗೂಡಿನ ಒಟ್ಟು ತೇವಾಂಶ ಶೇಕಡಾ 60ರ ಆಸುಪಾಸಿನಲ್ಲಿದ್ದರೆ ಪೊರೆ ಬಹುಮಟ್ಟಿಗೆ ಒಂದೇ ತುಂಡಾಗಿ ಬರುತ್ತದೆ. ಆದರೆ ಎಲ್ಲ ತಾಣಗಳನ್ನೂ ತೇವದಲ್ಲಿಟ್ಟರೆ ಹೊಟ್ಟೆಯ ಹುರುಪೆಗಳು ಕೊಳೆಯತೊಡಗುತ್ತವೆ. ಪಾಚಿಗೆ ವಾಸನೆ ಬಂದರೆ ಬದಲಾಯಿಸಿ.

ಉತ್ತರ: ಒಡೆದಕುಂಡ

ರಟ್ಟಿನ ಪೆಟ್ಟಿಗೆಯ ಸಲಹೆ ಒಳ್ಳೆಯದು, ಆದರೆ ಒಂದು ಎಚ್ಚರಿಕೆಯನ್ನು ಯಾರೂ ಹೇಳಲಿಲ್ಲ. ಪೆಟ್ಟಿಗೆಯಲ್ಲಿ ಅಂಟುಟೇಪಿನ ಚೂರು ಕೂಡ ಇರಬಾರದು. ಟೇಪಿಗೆ ಹಾವಿನ ಮೈ ಅಂಟಿಕೊಂಡರೆ ಅದು ಬಿಡಿಸಿಕೊಳ್ಳಲು ಒದ್ದಾಡುವಾಗ ಚರ್ಮ ಕಿತ್ತು ಬರುತ್ತದೆ. ಮಡಿಕೆಗಳನ್ನು ಒಂದರೊಳಗೊಂದು ಸಿಕ್ಕಿಸಿ ನಿಲ್ಲಿಸಿ. ಗೂಡಿನ ಒಳಗಿನ ವೈರುಗಳಿಗೂ ಸೆನ್ಸರ್‌ಗೂ ಟೇಪು ಬೇಡ.

ನಿಮ್ಮ ಹೂಕುಂಡದ ವಿಷಯಕ್ಕೆ ಬರುತ್ತೇನೆ. ಅದರ ತಳದಲ್ಲಿ ನೀರು ಬಸಿಯುವ ರಂಧ್ರ ಇದೆಯಲ್ಲವೇ? ನನ್ನ ಕಾರ್ನ್ ಸ್ನೇಕ್ (ಸಾಕುವ ಇನ್ನೊಂದು ಜಾತಿಯ ಹಾವು) ಒಂದು ರಾತ್ರಿ ಅಂಥ ರಂಧ್ರದೊಳಗೆ ತಲೆ ತೂರಿಸಿತು. ತಲೆ ಹೋಯಿತು, ಕತ್ತು ಹೋಯಿತು, ಒಂದು ಗೇಣಿನಷ್ಟು ಮೈ ಹೊರಬಂದ ಮೇಲೆ ನಡುವಿನ ದಪ್ಪ ಭಾಗ ಸಿಕ್ಕಿಹಾಕಿಕೊಂಡಿತು. ಹುರುಪೆಗಳು ಹಿಂದಕ್ಕೆ ಮುಖ ಮಾಡಿರುವುದರಿಂದ ಎಳೆದರೆ ಹಿಂದಕ್ಕೆ ಬರುವುದಿಲ್ಲ, ಮುಂದಕ್ಕೆ ಜಾಗವಿಲ್ಲ. ಬೆಳಿಗ್ಗೆ ನಾನು ನೋಡುವ ಹೊತ್ತಿಗೆ ರಂಧ್ರದ ಮುಂದಿನ ಮೈ ಊದಿಕೊಂಡಿತ್ತು. ಒಬ್ಬರು ಹಾವನ್ನು ಆನಿಸಿ ಹಿಡಿದುಕೊಂಡರು. ನಾನು ಚರ್ಮಕ್ಕೂ ಮಣ್ಣಿಗೂ ನಡುವೆ ತೆಳುವಾದ ರಟ್ಟಿನ ಚೂರನ್ನು ತೂರಿಸಿ, ಕುಂಡದ ಹೊರಅಂಚಿನಿಂದ ಇಕ್ಕಳದಲ್ಲಿ ಉಗುರಿನಷ್ಟು ಉಗುರಿನಷ್ಟೇ ಮುರಿಯುತ್ತಾ ಒಳಗೆ ಬಂದೆ. ಮುಕ್ಕಾಲು ಗಂಟೆ ಹಿಡಿಯಿತು. ಹಾವು ಉಳಿಯಿತು, ಉಂಗುರದಂಥ ಕಲೆ ಮುಂದಿನ ಎರಡು ಪೊರೆಗಳವರೆಗೂ ಕಾಣುತ್ತಿತ್ತು. ತಪ್ಪು ನನ್ನದೇ, ಆ ರಂಧ್ರವನ್ನು ನಾನು ಅಲಂಕಾರವೆಂದುಕೊಂಡಿದ್ದೆ. ಯಾವ ತಾಣದಲ್ಲೇ ಆಗಲಿ, ರಂಧ್ರ ಒಂದೋ ಮೂತಿಯೂ ತೂರದಷ್ಟು ಕಿರಿದಾಗಿರಬೇಕು, ಇಲ್ಲವೇ ಇಡೀ ಮೈ ಸರಾಗವಾಗಿ ಹಾಯುವಷ್ಟು ಹಿರಿದಾಗಿರಬೇಕು.

ಭಾರದ ತಾಣಗಳನ್ನು, ಕಲ್ಲುಗಳನ್ನು ನೆಲಹಾಸಿನ ಮೇಲೆ ಇಡಬೇಡಿ. ಮೊದಲು ಗೂಡಿನ ತಳದ ಮೇಲೆ ನೇರವಾಗಿ ಊರಿ, ಆಮೇಲೆ ಸುತ್ತಲೂ ಹಾಸು ಹರಡಿ. ಹಾವು ಅಡಿಯಲ್ಲಿ ತೋಡಿದಾಗ ಕಲ್ಲು ಕುಸಿದು ಅದರ ಮೇಲೆ ಕೂರುವುದು ಇದರಿಂದ ತಪ್ಪುತ್ತದೆ.

ಉತ್ತರ: ಹೊಸಪೊರೆ

ಎಲ್ಲರಿಗೂ ಧನ್ಯವಾದಗಳು. ಐದು ವಾರಗಳ ಬಳಿಕ ಬರೆಯುತ್ತಿದ್ದೇನೆ. ಒಡೆದಕುಂಡ ಅವರ ಬರಹ ಓದಿದ ಸಂಜೆಯೇ ಕುಂಡವನ್ನು ಹೊರಗೆ ತೆಗೆದೆ. ಹಾವಿನ ಸಿಂಬೆ 17 ಸೆಂ.ಮೀ. ಅಗಲವಿತ್ತು. ಗುಹೆಯ ಒಳಗನ್ನೂ ಅಳೆದೆ: 34 ಸೆಂ.ಮೀ. ಅಗಲ, 16 ಸೆಂ.ಮೀ. ಎತ್ತರ. ಅಂಕಿಗಳನ್ನು ಅಕ್ಕಪಕ್ಕ ಬರೆದು ನೋಡಿದಾಗ ನನಗೇ ನಾಚಿಕೆಯಾಯಿತು.

20 ಸೆಂ.ಮೀ. ಅಗಲದ ಎರಡು ರಟ್ಟಿನ ಪೆಟ್ಟಿಗೆಗಳನ್ನು ಮಾಡಿ, ಒಂದನ್ನು ಬಟ್ಟಲಿನ ಹಿಂದಿನ ಮೂಲೆಯಲ್ಲಿ, ಮತ್ತೊಂದನ್ನು ಮ್ಯಾಟ್‌ನ ಮೇಲೆ ಇಟ್ಟೆ. ಮೊದಲ ಬೆಳಿಗ್ಗೆಯೇ ಮೂಲೆಯ ಪೆಟ್ಟಿಗೆಯ ಬಾಗಿಲಿನಿಂದ ಮೂತಿಯ ತುದಿಯಷ್ಟೇ ಕಾಣುತ್ತಿತ್ತು. ಬೆಳಿಗ್ಗೆ 7ಕ್ಕೆ, ಮಧ್ಯಾಹ್ನ 2ಕ್ಕೆ, ರಾತ್ರಿ 9ಕ್ಕೆ ಹಾವು ಎಲ್ಲಿದೆ ಎಂದು ಬರೆದಿಟ್ಟುಕೊಂಡೆ. ನಾಲ್ಕು ದಿನ ಮೂಲೆಯಲ್ಲೇ ಇತ್ತು. ಐದನೆಯ ದಿನ ಮಧ್ಯಾಹ್ನ ಮೊದಲ ಬಾರಿಗೆ ಬೆಚ್ಚನೆಯ ಪೆಟ್ಟಿಗೆಯಲ್ಲಿ ಸಿಕ್ಕಿತು. ಅಲ್ಲಿ ಮೊದಲು 35 ಡಿಗ್ರಿ ಬರುತ್ತಿತ್ತು. ತೇವಗೂಡು ಅವರು ಹೇಳಿದಂತೆ ಹಿಂದಿನ ದಿನವಷ್ಟೇ ಇಳಿಸಿದ್ದೆ. ಹತ್ತು ದಿನ ಮುಟ್ಟದೆ ಬಿಟ್ಟು, ಆಮೇಲೆ ಒಂದು ಸಂಜೆ, ಹಿಮಗಟ್ಟಿಸಿಟ್ಟಿದ್ದು ಕರಗಿಸಿ ಬೆಚ್ಚಗೆ ಮಾಡಿದ ಸತ್ತ ಇಲಿಯನ್ನು ಇಕ್ಕುಳದಲ್ಲಿ ಹಿಡಿದು ಬಾಗಿಲಿನ ಮುಂದೆ ಆಡಿಸಿದೆ. ಒಳಗಿನಿಂದಲೇ ಎಗರಿ ಹಿಡಿದುಕೊಂಡು ಒಳಕ್ಕೆ ಎಳೆದುಕೊಂಡಿತು. ಆ ಬಳಿಕ ಮೂರು ದಿನ ಬೆಚ್ಚನೆಯ ಪೆಟ್ಟಿಗೆ ಬಿಟ್ಟು ಕದಲಲಿಲ್ಲ. ಈಗ ಮೂರು ಬಾರಿ ತಿಂದಿದೆ, ಗಾಜಿಗೆ ಮೂತಿ ಉಜ್ಜುವುದು ನಿಂತಿದೆ, 604 ಗ್ರಾಂಗೆ ಇಳಿದಿದ್ದ ತೂಕ 641 ಆಗಿದೆ.

ರಟ್ಟು ಒಂದು ಕಡೆ ಹೇಸಿಗೆಯಾಗಿ ಮೆತ್ತಗಾಗಿದೆ. ಶಾಶ್ವತವಾಗಿ ಇಡಲು ಯಾವುದು ಒಳ್ಳೆಯದು?

ಉತ್ತರ: ಸಿಂಬೆ

ಬಹಳ ಸಂತೋಷ. ಹೇಸಿಗೆಯಾದ ರಟ್ಟನ್ನು ಇಂದೇ ಎಸೆದು, ಅದೇ ಅಳತೆಯ ಹೊಸದನ್ನು ಅದೇ ಜಾಗದಲ್ಲಿಡಿ. ಶಾಶ್ವತವಾದದ್ದು ನಿಧಾನವಾಗಿ ಬರಲಿ.

ತಳವಿಲ್ಲದ, ಮೇಲಿನಿಂದ ಕವುಚಿ ಹಾಕುವ ಕಪ್ಪು ಪ್ಲಾಸ್ಟಿಕ್ ತಾಣವೇ ನನ್ನ ಆಯ್ಕೆ. ನೋಡಲು ಸಪ್ಪೆ, ಆದರೆ ಬಿಸಿನೀರಿನಲ್ಲಿ ತೊಳೆಯಲು ಬರುತ್ತದೆ, ನೀರು ಹೀರುವುದಿಲ್ಲ, ಹಾವನ್ನು ಎತ್ತಿಕೊಳ್ಳಬೇಕಾದಾಗ ತಾಣವನ್ನು ನೇರವಾಗಿ ಮೇಲಕ್ಕೆತ್ತಿದರೆ ಸಾಕು. ಬಾಗಿಲಿನೊಳಗೆ ಕೈ ಹಾಕಿ ಎಳೆಯುವ ಅಭ್ಯಾಸ ಬೇಡ. ಅಲ್ಲಿಂದಲೇ ಇಲಿ ಬರುತ್ತದೆ ಎಂದು ಅದು ಈಗ ಕಲಿತಿದೆ. ಮರದ್ದು ಬೇಕೆಂದರೆ ಕಾರ್ಕ್ ತೊಗಟೆ ಒಳ್ಳೆಯದು. ದೇವದಾರು ಜಾತಿಯ, ಘಮಘಮಿಸುವ ಮರಗಳನ್ನು ಮಾತ್ರ ದೂರವಿಡಿ, ಅವುಗಳ ಎಣ್ಣೆಯ ಆವಿ ಹಾವುಗಳಿಗೆ ಹಾನಿಕರ.

ಈಗ ತೆಗೆದ ಅಳತೆಯೂ ಹೆಚ್ಚು ಕಾಲ ಉಳಿಯುವುದಿಲ್ಲ. ಬೆಳೆದ ಹೆಣ್ಣು ಬಾಲ್ ಪೈಥಾನ್ 120 ಸೆಂ.ಮೀ. ದಾಟುವುದು ಸಾಮಾನ್ಯ. ಸಿಂಬೆಯ ಒಂದು ಸುತ್ತು ಬಾಗಿಲಿನಿಂದ ಹೊರಗೆ ಉಳಿಯತೊಡಗಿದಾಗ, ಅಥವಾ ಹಾವು ತಾಣವನ್ನು ಬೆನ್ನ ಮೇಲೆ ಹೊತ್ತು ಸರಿಸುತ್ತಿದೆ ಎನಿಸಿದಾಗ, ಎರಡನ್ನೂ ಒಟ್ಟಿಗೆ ಬದಲಾಯಿಸಿ.