ಸಹಾಯ ಬೇಕು: ಮಕ್ಕಳ ಕೋಣೆಯ ಗೋಡೆಗೆ ಚಿತ್ರ, ಹಳೇ ಡಿಸ್ಟೆಂಪರ್ ಪೂರ್ತಿ ಕೆರೆಯಬೇಕಾ?

ಬಳಗದವರಿಗೆ ನಮಸ್ಕಾರ. ಡೊಂಬಿವಲಿಯ ಫ್ಲ್ಯಾಟು, ಮಗಳ ಕೋಣೆಯ ಗೋಡೆ 10 ಅಡಿ ಅಗಲ, 9 ಅಡಿ ಎತ್ತರ. ಘಟ್ಟದ ಕಾಡು ಬರೆಯಬೇಕು, ಮೇಲೆ ಮಂಗಟ್ಟೆ ಹಕ್ಕಿ, ಕೆಳಗೆ ಸಿಂಗಳೀಕ. ಒಂದೊಂದು ಅಡಿಯ ಚೌಕ ಹಾಕಿ ಸೀಮೆಸುಣ್ಣದಲ್ಲಿ ನಕ್ಷೆ ಇಳಿಸಿಕೊಳ್ಳುತ್ತೇನೆ, ಅದರ ಚಿಂತೆಯಿಲ್ಲ. ತೊಡಕು ಗೋಡೆಯದ್ದೇ.

ಈಗಿರುವುದು ಹಳೇ ಡಿಸ್ಟೆಂಪರ್, ಅಂದರೆ ಸೀಮೆಸುಣ್ಣದ ಪುಡಿಯ ಅಗ್ಗದ ಗೋಡೆ ಬಣ್ಣ. ಅಂಗೈ ಉಜ್ಜಿದರೆ ಬಿಳಿ ಪುಡಿ ಬರುತ್ತದೆ. ಇದರ ಮೇಲೆ ನೇರವಾಗಿ ಎಮಲ್ಶನ್ (ನೀರು ಬೆರೆಸಿ ಹಚ್ಚುವ ಪ್ಲಾಸ್ಟಿಕ್ ಬಣ್ಣ) ಹಚ್ಚಿದರೆ ಬಣ್ಣ ಹಿಡಿಯುವುದು ಪುಡಿಯನ್ನು, ಗೋಡೆಯನ್ನಲ್ಲ. ಅಂಚು ನೇರ ಬರಲು ಅಂಟಿಸಿದ ಮಾಸ್ಕಿಂಗ್ ಟೇಪ್ ಕೀಳುವಾಗ ಎಲೆ, ಕೊಂಬೆ ಎಲ್ಲ ಸಿಪ್ಪೆಯ ಹಾಗೆ ಎದ್ದುಬರುತ್ತವೆ. ಮೂಲೆಯಲ್ಲಿ ಅಂಗೈಯಗಲ ಕೆರೆದು, 180 ನಂಬರಿನ ಪಾಲಿಶ್ ಪೇಪರಿನಲ್ಲಿ ತಿಕ್ಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ವಾಟರ್ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳಬಣ್ಣ) ಒಂದು ಕೋಟ್ ಕೊಟ್ಟು ನೋಡಿದೆ. ಮರುದಿನ ಟೇಪ್ ಅಂಟಿಸಿ ಕಿತ್ತರೆ ಏನೂ ಏಳಲಿಲ್ಲ. ಕೆರೆಯದೆ ಪ್ರೈಮರ್ ಹಚ್ಚಿದ ಪಕ್ಕದ ಜಾಗದಲ್ಲಿ ಟೇಪಿನ ಅಂಟೆಲ್ಲ ಬಿಳಿ.

ಹಾಗಾದರೆ 90 ಚದರ ಅಡಿಯನ್ನೂ ಕೆರೆಯಲೇಬೇಕಾ? ಆಯಿಲ್ ಪ್ರೈಮರ್ ಪುಡಿಯನ್ನು ಕಚ್ಚಿ ಹಿಡಿಯುತ್ತದೆ ಅನ್ನುತ್ತಾರೆ, ಆದರೆ ಮಗು ಮಲಗುವ ಕೋಣೆಯಲ್ಲಿ ಆ ವಾಸನೆ ನನಗೆ ಬೇಡ.

ಇನ್ನೊಂದು, ನೆಲದಿಂದ ಒಂದಡಿ ಎತ್ತರದವರೆಗೆ ಮಳೆಗಾಲದ ತೇವಕ್ಕೆ ಉಪ್ಪು ಉಕ್ಕಿದೆ. ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆದಿದ್ದೇನೆ. ಹೊರಗೋಡೆಯ ಬಿರುಕು ಮುಚ್ಚಿಸಿ, ನವೆಂಬರ್‌ವರೆಗೆ ಒಣಗಲು ಬಿಟ್ಟು ಆಮೇಲೆ ಪುಟ್ಟಿ ಎಳೆದರೆ ಸಾಕಾ? ಸಿಂಗಳೀಕ ಕೂರುವುದು ಸರಿಯಾಗಿ ಅಲ್ಲೇ.

ಕಡುಹಸಿರಿಗೆ ಬಿಳಿ ಬೇಸ್‌ಗೆ ಸ್ಟೇನರ್ (ಬಣ್ಣ ಬರಿಸಲು ಬೆರೆಸುವ ಗಾಢ ದ್ರವ) ಸುರಿಯುವುದಿಲ್ಲ, ಜಾಸ್ತಿಯಾದರೆ ಬಣ್ಣ ಸರಿಯಾಗಿ ಒಣಗದೆ ಕೈಗೆ ಹತ್ತುತ್ತದೆ. ಮಷೀನಿನಲ್ಲಿ ಕಲಸಿದ ಬಣ್ಣವನ್ನು 200 ಮಿಲಿ ಡಬ್ಬಿಯಲ್ಲಿ ಕೊಡುವ ಅಂಗಡಿ ಠಾಣೆ, ಕಲ್ಯಾಣ ಕಡೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ.